ಎಡಿಎಚ್‌ಡಿ ಮತ್ತು ಮಗುವಿನ ಸಿಟ್ಟು: ಹುಟ್ಟಿನಿಂದ ಬಂದದ್ದೆಷ್ಟು, ಮನೆಯಲ್ಲಿ ಬೆಳೆದದ್ದೆಷ್ಟು?

ಮಗು ಕ್ಲಾಸಿನಲ್ಲಿ ಒಂದು ಕಡೆ ಕೂರುವುದಿಲ್ಲ. ಪಕ್ಕದವನ ಪೆನ್ಸಿಲ್ ಕಿತ್ತುಕೊಳ್ಳುತ್ತದೆ, ವಾಪಸ್ ಕೇಳಿದರೆ ಹೊಡೆಯುತ್ತದೆ. ಸ್ಕೂಲಿನಿಂದ ಫೋನ್ ಬರುತ್ತದೆ. ಆಮೇಲೆ ಮನೆಯಲ್ಲಿ ಎರಡು ಬಗೆಯ ಮಾತು ಶುರುವಾಗುತ್ತದೆ. ‘ಬೆಳೆಸಿದ್ದೇ ಸರಿಯಿಲ್ಲ, ಮುದ್ದು ಜಾಸ್ತಿಯಾಯಿತು’ ಎನ್ನುತ್ತಾರೆ ಒಬ್ಬರು. ‘ಅವರಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ, ರಕ್ತದಲ್ಲೇ ಬಂದಿದೆ ಬಿಡಿ’ ಎನ್ನುತ್ತಾರೆ ಇನ್ನೊಬ್ಬರು. ಮೊದಲನೆಯ ಮಾತು ತಾಯಿಯನ್ನು ನೋಯಿಸುತ್ತದೆ. ಎರಡನೆಯದು ಎಲ್ಲರನ್ನೂ ಕೈಕಟ್ಟಿ ಕೂರಿಸುತ್ತದೆ.

ಎರಡರಲ್ಲೂ ಒಂದಷ್ಟು ನಿಜವಿದೆ. ಆದರೆ ಆ ನಿಜ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯದಿದ್ದರೆ ಕೊನೆಗೆ ಪೆಟ್ಟು ಬೀಳುವುದು ಮಗುವಿಗೇ. ಕಳೆದ ಮೂವತ್ತು ವರ್ಷಗಳಲ್ಲಿ ಈ ಬಗ್ಗೆ ಬಹಳಷ್ಟು ಸಂಶೋಧನೆ ನಡೆದಿದೆ. ಅದರ ಸಾರ ನಮ್ಮ ಮನೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ ಎಂಬುದು ನನ್ನ ಅನಿಸಿಕೆ.

ಮೊದಲು ಎಡಿಎಚ್‌ಡಿಯನ್ನೂ ಹೊಡೆದಾಟವನ್ನೂ ಬೇರೆಬೇರೆಯಾಗಿ ನೋಡೋಣ. ಎಡಿಎಚ್‌ಡಿ ಎಂದರೆ ‘ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್’, ಮಿದುಳಿನ ಬೆಳವಣಿಗೆಗೆ ಸಂಬಂಧಪಟ್ಟ ಒಂದು ತೊಂದರೆ. ಗಮನ ನಿಲ್ಲದಿರುವುದು, ಮೈ ಸುಮ್ಮನಿರದಿರುವುದು, ಯೋಚಿಸುವ ಮೊದಲೇ ಮಾಡಿಬಿಡುವುದು, ಇವು ಎಡಿಎಚ್‌ಡಿಯ ಮುಖ್ಯ ಲಕ್ಷಣಗಳು. ಇವು ಎಲ್ಲ ಮಕ್ಕಳಲ್ಲೂ ಒಂದಿಷ್ಟು ಇರುತ್ತವೆ ಅಲ್ವಾ? ಹಾಗಾಗಿ ವೈದ್ಯರು ಸುಮ್ನೆ ಹೆಸರಿಟ್ಟುಬಿಡುವುದಿಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಕನಿಷ್ಠ ಆರು ತಿಂಗಳು ಇರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಮಗುವಿನ ಓದಿಗೆ, ಒಡನಾಟಕ್ಕೆ ಅದರಿಂದ ತೊಂದರೆಯಾಗುತ್ತಿರಬೇಕು. ಈ ಅಳತೆಯಲ್ಲಿ ಜಗತ್ತಿನಾದ್ಯಂತ ನೂರಕ್ಕೆ ಸುಮಾರು ಐದು ಮಕ್ಕಳಿಗೆ ಎಡಿಎಚ್‌ಡಿ ಇದೆ.

ಹೊಡೆಯುವುದು, ಕಚ್ಚುವುದು, ಬೈಯುವುದು ಈ ಲಕ್ಷಣಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆದರೂ ಎರಡೂ ಎಷ್ಟೋ ಮಕ್ಕಳಲ್ಲಿ ಒಟ್ಟಿಗೇ ಇರುತ್ತವೆ. ಅಮೆರಿಕದಲ್ಲಿ ಏಳರಿಂದ ಒಂಬತ್ತು ವರ್ಷದ 579 ಎಡಿಎಚ್‌ಡಿ ಮಕ್ಕಳ ಮೇಲೆ ಒಂದು ದೊಡ್ಡ ಚಿಕಿತ್ಸಾ ಅಧ್ಯಯನ ನಡೆಯಿತು. ಅವರಲ್ಲಿ ನೂರಕ್ಕೆ 40 ಮಕ್ಕಳಲ್ಲಿ ಸದಾ ಎದುರು ನಿಲ್ಲುವ, ಹಟ ಮಾಡುವ, ಸಿಡುಕುವ ಸಮಸ್ಯೆ ಇತ್ತು. ನೂರಕ್ಕೆ 14 ಮಕ್ಕಳು ಅದಕ್ಕೂ ಮುಂದೆ ಹೋಗಿ ಹೊಡೆದಾಟ, ಕಳ್ಳತನ, ವಸ್ತು ಹಾಳುಮಾಡುವುದರವರೆಗೆ ತಲುಪಿದ್ದರು. ಹಾಗೆಂದರೆ ಬಹಳಷ್ಟು ಎಡಿಎಚ್‌ಡಿ ಮಕ್ಕಳು ಯಾರಿಗೂ ಕೈ ಎತ್ತುವವರಲ್ಲ ಎನ್ನುವುದೂ ಇದೇ ಲೆಕ್ಕದಲ್ಲಿದೆ.

ಸಿಟ್ಟಿನಲ್ಲೂ ಎರಡು ಬಗೆ ಇದೆ. ತಡೆದರೆ, ಸೋತರೆ, ರೇಗಿಸಿದರೆ ತಕ್ಷಣ ಕೈ ಎತ್ತುವುದು ಒಂದು. ಬೇಕಾದ್ದನ್ನು ಪಡೆಯಲು ಹೊಂಚುಹಾಕಿ ಹೆದರಿಸುವುದು ಇನ್ನೊಂದು. ಎಡಿಎಚ್‌ಡಿ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. ಹೊಡೆದ ಐದು ನಿಮಿಷಕ್ಕೆ ಆ ಮಗುವೇ ಅಳುತ್ತಾ ಕೂತಿರುವುದನ್ನು ಟೀಚರ್‌ಗಳು ನೋಡಿರುತ್ತಾರೆ.

ಇಲ್ಲಿ ಮಾಂಟ್ರಿಯಲ್‌ನ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಅವರ ಕೆಲಸ ತುಂಬ ಉಪಯೋಗಕ್ಕೆ ಬರುತ್ತದೆ. ಅವರು ಮಕ್ಕಳನ್ನು ಹಸುಳೆ ವಯಸ್ಸಿನಿಂದ ವರ್ಷಗಟ್ಟಲೆ ಗಮನಿಸಿದರು. ಮನುಷ್ಯ ಬದುಕಿನಲ್ಲಿ ಅತಿ ಹೆಚ್ಚು ಸಲ ಹೊಡೆಯುವುದು, ಕಚ್ಚುವುದು, ತಳ್ಳುವುದು ಎರಡು ಮೂರು ವರ್ಷದ ಆಸುಪಾಸಿನಲ್ಲಿ ಎಂದು ಅವರ ಅಧ್ಯಯನಗಳು ತೋರಿಸಿದವು. ಆ ವಯಸ್ಸಿನಲ್ಲಿ ಹೊಡೆಯುವುದನ್ನು ಯಾರೂ ಕಲಿಸಬೇಕಿಲ್ಲ. ಹೊಡೆಯದಿರುವುದನ್ನು ಮಕ್ಕಳು ನಿಧಾನವಾಗಿ ಕಲಿಯುತ್ತಾರೆ. ಮಾತು ಬರುತ್ತದೆ, ಕಾಯುವುದು ಗೊತ್ತಾಗುತ್ತದೆ, ಕೈ ತಡೆಯುತ್ತದೆ. ಹಾಗಾದರೆ ‘ಈ ಮಗು ಹೊಡೆಯುವುದನ್ನು ಎಲ್ಲಿಂದ ಕಲಿಯಿತು?’ ಎಂದು ಕೇಳುವುದಕ್ಕಿಂತ ‘ತಡೆದುಕೊಳ್ಳುವುದು ಈ ಮಗುವಿಗೆ ಯಾಕೆ ಇಷ್ಟು ಕಷ್ಟವಾಗುತ್ತಿದೆ?’ ಎಂದು ಕೇಳಬೇಕು. ಎಡಿಎಚ್‌ಡಿಯಲ್ಲಿ ಕಷ್ಟವಾಗುವುದೇ ತಡೆದುಕೊಳ್ಳುವುದು. ಎರಡೂ ಒಟ್ಟಿಗೆ ಬರುವುದಕ್ಕೆ ಇರುವ ಮೊದಲ ಕಾರಣ ಇದು.

ಅವಳಿ ಮಕ್ಕಳು ಹೇಳಿದ್ದು

ವಂಶದಿಂದ ಬಂದದ್ದೆಷ್ಟು ಎಂದು ತಿಳಿಯಲು ವಿಜ್ಞಾನಿಗಳು ಮೊದಲು ನೋಡಿದ್ದು ಅವಳಿಗಳನ್ನು. ತದ್ರೂಪಿ ಅವಳಿಗಳ ಡಿಎನ್‌ಎ ಹೆಚ್ಚುಕಮ್ಮಿ ಪೂರ್ತಿ ಒಂದೇ. ಬೇರೆ ಬಗೆಯ ಅವಳಿಗಳು ಬೇರೆ ಅಣ್ಣತಮ್ಮ, ಅಕ್ಕತಂಗಿಯರ ಹಾಗೆ, ಸರಾಸರಿ ಅರ್ಧದಷ್ಟನ್ನು ಹಂಚಿಕೊಂಡಿರುತ್ತಾರೆ. ಎರಡೂ ಬಗೆಯ ಅವಳಿಗಳು ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ಬೆಳೆಯುತ್ತಾರೆ. ಆದ್ದರಿಂದ ತದ್ರೂಪಿಗಳಲ್ಲಿ ಒಂದು ಗುಣ ಇನ್ನಷ್ಟು ಹೆಚ್ಚು ಹೊಂದಿಕೆಯಾದರೆ ಅದರಲ್ಲಿ ಜೀನ್‌ಗಳ (ವಂಶವಾಹಿಗಳ) ಪಾಲು ದೊಡ್ಡದು ಎಂದು ಲೆಕ್ಕ ಹಾಕಬಹುದು.

2019ರಲ್ಲಿ ಸ್ಟೀಫನ್ ಫರಾವೋನ್ ಮತ್ತು ಹೆನ್ರಿಕ್ ಲಾರ್ಸನ್ ಇಂಥ 37 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಡಿಎಚ್‌ಡಿಯಲ್ಲಿ ವಂಶದ ಪಾಲು ಎಂದು ಸಿಕ್ಕ ಸರಾಸರಿ ಶೇಕಡಾ 74. ಇದು ತುಂಬ ದೊಡ್ಡ ಅಂಕಿ. ಖಿನ್ನತೆಯಲ್ಲಿ ಅದು ಇದರ ಸುಮಾರು ಅರ್ಧದಷ್ಟೇ. ಮಕ್ಕಳ ಆಕ್ರಮಣಶೀಲ ನಡವಳಿಕೆಯಲ್ಲಿ ಇದೇ ಅಂಕಿ ಸುಮಾರು 50ರ ಹತ್ತಿರ ಬರುತ್ತದೆ. ಇನ್ನೂ ಒಂದು ವಿಷಯ ಅವಳಿಗಳಿಂದ ಗೊತ್ತಾಯಿತು. ಎಡಿಎಚ್‌ಡಿ ಮತ್ತು ಪುಂಡಾಟ ಒಂದೇ ಮಗುವಿನಲ್ಲಿ ಸೇರುವುದರ ಹಿಂದೆ ಬಹುಮಟ್ಟಿಗೆ ಎರಡಕ್ಕೂ ಸಂಬಂಧಪಟ್ಟ ಅವೇ ಜೀನ್‌ಗಳಿವೆ.

74 ಎಂಬ ಅಂಕಿಯನ್ನು ಜನ ತಪ್ಪಾಗಿ ಓದುವುದೇ ಹೆಚ್ಚು. ಒಂದು ಮಗುವಿನ ಎಡಿಎಚ್‌ಡಿಯಲ್ಲಿ ಮುಕ್ಕಾಲು ಪಾಲು ಜೀನ್, ಕಾಲು ಪಾಲು ಮನೆ ಎಂದು ಇದರ ಅರ್ಥವಲ್ಲ. ಒಂದು ಊರಿನ ಮಕ್ಕಳ ನಡುವೆ ಈ ಗುಣದಲ್ಲಿ ಹೆಚ್ಚುಕಡಿಮೆ ಇದೆಯಲ್ಲ, ಆ ವ್ಯತ್ಯಾಸದಲ್ಲಿ ಎಷ್ಟನ್ನು ಡಿಎನ್‌ಎಯ ವ್ಯತ್ಯಾಸದಿಂದ ವಿವರಿಸಬಹುದು ಎಂದಷ್ಟೇ ಅದು ಹೇಳುತ್ತದೆ. ವಂಶದಿಂದ ಬಂದದ್ದು ಬದಲಾಗುವುದಿಲ್ಲ ಎಂದೂ ಅದು ಹೇಳುವುದಿಲ್ಲ. ಮನುಷ್ಯನ ಎತ್ತರವನ್ನು ನೋಡಿ. ಅದರಲ್ಲಿ ವಂಶದ ಪಾಲು ಶೇಕಡಾ 80ರ ಆಸುಪಾಸು. ಆದರೂ ದಕ್ಷಿಣ ಕೊರಿಯಾದ ಹೆಂಗಸರು ನೂರು ವರ್ಷಗಳಲ್ಲಿ ಸರಾಸರಿ 20 ಸೆಂಟಿಮೀಟರ್ ಎತ್ತರವಾದರು. ಅಷ್ಟು ಸಣ್ಣ ಅವಧಿಯಲ್ಲಿ ಅವರ ಜೀನ್ ಬದಲಾಗಲಿಲ್ಲ. ಊಟ ಬದಲಾಯಿತು, ಚಿಕ್ಕಂದಿನ ಕಾಯಿಲೆಗಳು ಕಡಿಮೆಯಾದವು.

ಒಂದು ಜೀನ್ ಹುಡುಕಿದವರಿಗೆ ಸಾವಿರಾರು ಸಿಕ್ಕವು

ಹಾಗಾದರೆ ಯಾವ ಜೀನ್? 1990ರ ದಶಕದಲ್ಲಿ ಎಲ್ಲರ ಕಣ್ಣು ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕದ ಮೇಲೆ ಇತ್ತು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧಿ ಮಿದುಳಿನಲ್ಲಿ ಡೋಪಮೈನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಹಾಗಾಗಿ ಡೋಪಮೈನ್ ಕೆಲಸಕ್ಕೆ ಸಂಬಂಧಪಟ್ಟ ಡಿಆರ್‌ಡಿ4, ಡಿಎಟಿ1 ಎಂಬ ಜೀನ್‌ಗಳಲ್ಲೇ ಏನೋ ಇರಬೇಕು ಎಂದು ಹುಡುಕಿದರು. ಸಣ್ಣ ಅಧ್ಯಯನಗಳಲ್ಲಿ ಸಂಬಂಧ ಕಾಣಿಸಿತು. ಪತ್ರಿಕೆಗಳಲ್ಲಿ ‘ಎಡಿಎಚ್‌ಡಿ ಜೀನ್ ಸಿಕ್ಕಿತು’ ಎಂದು ಬಂತು. ಆದರೆ ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಸಿಗಲಿಲ್ಲ. ಸಿಕ್ಕ ಕಡೆಯೂ ಪರಿಣಾಮ ತೀರಾ ಚಿಕ್ಕದಾಗಿತ್ತು.

ಆಮೇಲೆ ದಾರಿ ಬದಲಾಯಿತು. ಮೊದಲೇ ಒಂದು ಜೀನ್ ಆರಿಸಿಕೊಳ್ಳದೆ ಇಡೀ ಡಿಎನ್‌ಎಯಲ್ಲಿ ಲಕ್ಷಾಂತರ ಜಾಗಗಳನ್ನು ಸಾವಿರಾರು ಜನರಲ್ಲಿ ಹೋಲಿಸಿ ನೋಡುವ ವಿಧಾನ ಬಂತು. 2019ರಲ್ಲಿ ಡೆನ್ಮಾರ್ಕ್‌ನ ಡಿಟ್ಟೆ ಡೆಮೋಂಟಿಸ್ ಮತ್ತು ಜೊತೆಗಾರರು ಎಡಿಎಚ್‌ಡಿ ಇರುವ ಸುಮಾರು 20,000 ಜನರನ್ನೂ ಇಲ್ಲದ 35,000 ಜನರನ್ನೂ ಹೋಲಿಸಿದರು. ಮೊದಲ ಬಾರಿಗೆ ಗಟ್ಟಿಯಾದ 12 ಜಾಗಗಳು ಸಿಕ್ಕವು. ದಶಕಗಳಿಂದ ಹುಡುಕುತ್ತಿದ್ದ ಡೋಪಮೈನ್ ಜೀನ್‌ಗಳು ಆ 12ರಲ್ಲಿ ಇರಲಿಲ್ಲ. ಮಾತಿನ ಬೆಳವಣಿಗೆಗೆ ಸಂಬಂಧಪಟ್ಟ ಫಾಕ್ಸ್‌ಪಿ2 ಇತ್ತು. 2023ರಲ್ಲಿ ಅದೇ ತಂಡ 38,000ಕ್ಕೂ ಹೆಚ್ಚು ಎಡಿಎಚ್‌ಡಿ ಇರುವವರನ್ನು ಸೇರಿಸಿ ನೋಡಿದಾಗ ಜಾಗಗಳ ಸಂಖ್ಯೆ 27 ಆಯಿತು. ಒಟ್ಟಾರೆ ಸುಮಾರು 7,000 ಸಣ್ಣ ವ್ಯತ್ಯಾಸಗಳು ಇದರಲ್ಲಿ ಕೈಯಾಡಿಸುತ್ತಿರಬಹುದು ಎಂದು ಅವರು ಅಂದಾಜು ಮಾಡಿದರು.

ಈ ಒಂದೊಂದು ವ್ಯತ್ಯಾಸದ ಬಲ ಎಷ್ಟು? ನೂರಕ್ಕೆ ಐದಿದ್ದ ಸಾಧ್ಯತೆಯನ್ನು ಐದೂವರೆಯ ಹತ್ತಿರಕ್ಕೆ ತಂದರೆ ಹೆಚ್ಚು. ಇವು ನನ್ನಲ್ಲೂ ನಿಮ್ಮಲ್ಲೂ ಒಂದಷ್ಟು ಇದ್ದೇ ಇವೆ. ಹನಿ ಹನಿ ಗೂಡಿದರೆ ಹಳ್ಳ ಎನ್ನುವ ಹಾಗೆ, ಕೆಲವರಲ್ಲಿ ಅವು ಜಾಸ್ತಿ ಸೇರಿರುತ್ತವೆ. ಅದೂ ಅಲ್ಲದೆ ಇವುಗಳಲ್ಲಿ ಬಹುಪಾಲು ಎಡಿಎಚ್‌ಡಿಗೆ ಮಾತ್ರ ಮೀಸಲಾದವಲ್ಲ. ಆಟಿಸಂ, ಖಿನ್ನತೆ, ಸ್ಕಿಜೋಫ್ರೇನಿಯಾ ಇವುಗಳ ಜೊತೆಗೂ ಹಂಚಿಕೆಯಾಗಿವೆ. ಅಪ್ಪನ ಮನೆ ಕಡೆ ಒಬ್ಬರಿಗೆ ಖಿನ್ನತೆ, ಅಮ್ಮನ ಮನೆ ಕಡೆ ಒಬ್ಬರಿಗೆ ಕುಡಿತದ ಚಟ, ಮಗುವಿಗೆ ಎಡಿಎಚ್‌ಡಿ ಇದ್ದರೆ ‘ಇದು ಯಾರಿಂದ ಬಂತು?’ ಎಂದು ಬೆರಳು ತೋರಿಸುವುದಕ್ಕೆ ಯಾವ ಆಧಾರವೂ ಇಲ್ಲ. ಎರಡೂ ಕಡೆಯಿಂದ ನೂರಾರು ಸಣ್ಣ ತುಣುಕುಗಳು ಬಂದಿರುತ್ತವೆ.

ಕೆಲವೇ ಮಕ್ಕಳಲ್ಲಿ ಚಿತ್ರ ಬೇರೆ. ಡಿಎನ್‌ಎಯ ದೊಡ್ಡ ತುಂಡೊಂದು ಬಿಟ್ಟುಹೋಗಿರುತ್ತದೆ ಇಲ್ಲವೇ ಎರಡು ಸಲ ಬಂದಿರುತ್ತದೆ. ಎಡಿಎಚ್‌ಡಿ ಮಕ್ಕಳಲ್ಲಿ ಇಂಥವು ಹೆಚ್ಚು ಎಂದು 2010ರಲ್ಲಿ ಬ್ರಿಟನ್ನಿನ ಕಾರ್ಡಿಫ್ ತಂಡ ತೋರಿಸಿತು. ಫ್ರಜೈಲ್ ಎಕ್ಸ್‌ನಂಥ ಒಂಟಿ ಜೀನ್ ತೊಂದರೆಗಳಲ್ಲೂ ಎಡಿಎಚ್‌ಡಿ ಲಕ್ಷಣ ಕಾಣುತ್ತದೆ. ಸಾಮಾನ್ಯವಾಗಿ ಅಂಥ ಮಕ್ಕಳಲ್ಲಿ ಬುದ್ಧಿ ಬೆಳವಣಿಗೆ, ಮುಖಲಕ್ಷಣ ಅಥವಾ ಬೇರೆ ಅಂಗಗಳಲ್ಲೂ ಏನಾದರೂ ಸೂಚನೆ ಇರುತ್ತದೆ.

‘ಸಿಟ್ಟಿನ ಜೀನ್’ ಎಂಬ ಕಥೆ

ಆಕ್ರಮಣಶೀಲತೆಯ ವಿಷಯಕ್ಕೆ ಬಂದರೆ ಒಂದು ಜೀನ್‌ನ ಹೆಸರು ಮಾತ್ರ ಮತ್ತೆ ಮತ್ತೆ ಕೇಳುತ್ತದೆ. ಅದು ಎಂಎಒಎ. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಇದನ್ನು ಅರ್ಧ ಮಾತ್ರ ಹೇಳಿದವರೇ ಹೆಚ್ಚು.

1978ರಲ್ಲಿ ನೆದರ್ಲೆಂಡ್ಸ್‌ನ ನೈಮೆಗೆನ್ ಆಸ್ಪತ್ರೆಗೆ ಒಬ್ಬ ಹೆಂಗಸು ಬಂದರು. ತಮ್ಮ ಕುಟುಂಬದ ಗಂಡಸರಲ್ಲಿ ಹಲವರು ಹಠಾತ್ತನೆ ರೊಚ್ಚಿಗೇಳುತ್ತಾರೆ, ಹಲ್ಲೆ ಮಾಡಿದ್ದಾರೆ, ಬೆಂಕಿ ಹಚ್ಚಿದ್ದಾರೆ, ತಮಗೆ ಹುಟ್ಟುವ ಮಗುವಿಗೂ ಹೀಗಾದರೆ ಏನು ಗತಿ ಎಂಬುದು ಅವರ ಆತಂಕ. ಆ ಗಂಡಸರ ಬುದ್ಧಿಮಟ್ಟವೂ ಸ್ವಲ್ಪ ಕಡಿಮೆ ಇತ್ತು. ಹಾನ್ ಬ್ರನ್ನರ್ ಮತ್ತು ತಂಡ ವರ್ಷಗಟ್ಟಲೆ ಹುಡುಕಿ 1993ರಲ್ಲಿ ಕಾರಣ ಪ್ರಕಟಿಸಿದರು. ಎಕ್ಸ್ ಕ್ರೋಮೋಸೋಮ್‌ನಲ್ಲಿರುವ ಎಂಎಒಎ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಸೆರೊಟೋನಿನ್, ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ಮಿದುಳಿನ ರಾಸಾಯನಿಕಗಳನ್ನು ಒಡೆಯುವ ಒಂದು ಕಿಣ್ವವನ್ನು ಈ ಜೀನ್ ತಯಾರು ಮಾಡಬೇಕು. ಆ ಗಂಡಸರಲ್ಲಿ ಅದು ತಯಾರಾಗುತ್ತಲೇ ಇರಲಿಲ್ಲ. ಹೆಂಗಸರಿಗೆ ಎರಡು ಎಕ್ಸ್ ಇರುವುದರಿಂದ ಅವರಿಗೆ ತೊಂದರೆ ಕಾಣಲಿಲ್ಲ. ಇಂಥ ಕುಟುಂಬಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಇದನ್ನು ‘ಆಕ್ರಮಣದ ಜೀನ್’ ಎಂದು ಕರೆಯುವುದನ್ನು ಸ್ವತಃ ಬ್ರನ್ನರ್ ಒಪ್ಪಲಿಲ್ಲ.

ಎರಡನೆಯ ಅಧ್ಯಾಯ ನ್ಯೂಜಿಲೆಂಡ್‌ನದು. ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಇಂದಿಗೂ ಗಮನಿಸುತ್ತಿದ್ದಾರೆ. ಎಂಎಒಎ ಜೀನ್‌ಗೆ ಸಾಮಾನ್ಯವಾದ ಎರಡು ರೂಪ ಇವೆ. ಒಂದು ಹೆಚ್ಚು ಕೆಲಸ ಮಾಡುತ್ತದೆ, ಇನ್ನೊಂದು ಕಡಿಮೆ. ಕಡಿಮೆ ಕೆಲಸ ಮಾಡುವ ರೂಪ ಅಲ್ಲಿನ ಗಂಡಸರಲ್ಲಿ ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿತ್ತು. ಅದೇನೂ ಅಪರೂಪದ್ದಲ್ಲ. 2002ರಲ್ಲಿ ಆವ್‌ಶಲೋಮ್ ಕ್ಯಾಸ್ಪಿ, ಟೆರಿ ಮೋಫಿಟ್ ಮತ್ತಿತರರು ಈ ಗುಂಪಿನ 442 ಗಂಡಸರನ್ನು ನೋಡಿದರು. ಕಡಿಮೆ ಕೆಲಸದ ರೂಪ ಇದ್ದ ಮಾತ್ರಕ್ಕೆ ಯಾರೂ ಹೆಚ್ಚು ಹಿಂಸೆಗಿಳಿಯಲಿಲ್ಲ. ಆ ರೂಪ ಇದ್ದು, ಚಿಕ್ಕಂದಿನಲ್ಲಿ ಹೊಡೆತ, ತಿರಸ್ಕಾರ, ದೌರ್ಜನ್ಯವನ್ನೂ ಉಂಡವರಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಂಡಿತು. ಇವೆರಡೂ ಇದ್ದವರು ನೂರಕ್ಕೆ 12 ಮಂದಿ. ಹಿಂಸೆಯ ಅಪರಾಧಗಳಿಗೆ ಆದ ಶಿಕ್ಷೆಗಳಲ್ಲಿ ಅವರ ಪಾಲು ನೂರಕ್ಕೆ 44. ನಂತರದ ಅಧ್ಯಯನಗಳಲ್ಲಿ ಕೆಲವು ಇದನ್ನು ಬೆಂಬಲಿಸಿದವು, ಕೆಲವು ಬೆಂಬಲಿಸಲಿಲ್ಲ. ಎಲ್ಲವನ್ನೂ ಸೇರಿಸಿ ನೋಡಿದಾಗ ಗಂಡಸರಲ್ಲಿ ಈ ಜೋಡಿ ಪರಿಣಾಮ ಸ್ವಲ್ಪ ಮಟ್ಟಿಗೆ ನಿಂತಿದೆ.

ಇಷ್ಟು ಎಚ್ಚರಿಕೆಯ ಮಾತು ಹೊರಗೆ ಹೋಗುವಾಗ ‘ಯೋಧರ ಜೀನ್’ ಎಂಬ ಹೆಸರು ಅಂಟಿಸಿಕೊಂಡಿತು. 2009ರಲ್ಲಿ ಇಟಲಿಯ ಟ್ರಿಯೆಸ್ಟೆಯ ಮೇಲ್ಮನವಿ ನ್ಯಾಯಾಲಯ ಒಬ್ಬ ಕೊಲೆ ಅಪರಾಧಿಯ ಶಿಕ್ಷೆಯಲ್ಲಿ ಒಂದು ವರ್ಷ ಕಡಿಮೆ ಮಾಡಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಅವನ ಎಂಎಒಎ ರೂಪವೂ ಒಂದು. ನನಗೆ ಇದು ಅಪಾಯಕಾರಿ ದಾರಿ ಅನ್ನಿಸುತ್ತದೆ. ಮೂರರಲ್ಲಿ ಒಬ್ಬರಲ್ಲಿ ಇರುವ ಒಂದು ರೂಪದಿಂದ ಒಬ್ಬ ವ್ಯಕ್ತಿಯ ಕೃತ್ಯವನ್ನು ವಿವರಿಸಲು ಸಾಧ್ಯವಿಲ್ಲ. ಇಂದು ಕ್ಷಮೆಗೆ ಬಳಕೆಯಾದದ್ದು ನಾಳೆ ಒಂದು ಮಗುವಿಗೆ ಶಾಲೆಯ ಸೀಟು ನಿರಾಕರಿಸಲೂ ಬಳಕೆಯಾಗಬಹುದು.

ಇಡೀ ಡಿಎನ್‌ಎಯನ್ನು ನೋಡುವ ದೊಡ್ಡ ಅಧ್ಯಯನ ಬಂದಾಗ ಈ ಕಥೆ ಇನ್ನಷ್ಟು ತಣ್ಣಗಾಯಿತು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ 87,000ಕ್ಕೂ ಹೆಚ್ಚು ಮಕ್ಕಳ ಆಕ್ರಮಣಶೀಲ ನಡವಳಿಕೆಯನ್ನು ಪರಿಶೀಲಿಸಿತು. ಎಲ್ಲ ಮಾಹಿತಿಯನ್ನೂ ಸೇರಿಸಿ ನೋಡಿದಾಗ ಡಿಎನ್‌ಎಯ ಒಂದೇ ಒಂದು ಜಾಗವೂ ಗಟ್ಟಿಯಾಗಿ ಎದ್ದು ನಿಲ್ಲಲಿಲ್ಲ. ಆದರೆ ಒಟ್ಟಾರೆ ಚಿತ್ರದಲ್ಲಿ ಮಕ್ಕಳ ಆಕ್ರಮಣಶೀಲತೆ ಎಲ್ಲಕ್ಕಿಂತ ಹತ್ತಿರದ ನಂಟು ತೋರಿಸಿದ್ದು ಎಡಿಎಚ್‌ಡಿಯ ಜೊತೆ.

ಅದಕ್ಕೂ ಮೊದಲೇ, 2013ರಲ್ಲಿ, ಕಾರ್ಡಿಫ್‌ನ ಮರಿಯನ್ ಹ್ಯಾಮ್ಶಿಯರ್, ಅನಿತಾ ಥಾಪರ್ ಮತ್ತಿತರರು ಒಂದು ಸರಳ ಪ್ರಶ್ನೆ ಕೇಳಿದ್ದರು. ಎಡಿಎಚ್‌ಡಿ ಜೊತೆಗೆ ಹೊಡೆದಾಟವೂ ಇರುವ ಮಕ್ಕಳಲ್ಲಿ ಆ ಸಣ್ಣ ಸಣ್ಣ ವ್ಯತ್ಯಾಸಗಳ ಹೊರೆ ಹೆಚ್ಚಿದೆಯೇ? ಹೌದು, ಹೆಚ್ಚಿತ್ತು. ಬರೀ ಎಡಿಎಚ್‌ಡಿ ಇದ್ದ ಮಕ್ಕಳಿಗಿಂತ ಹೆಚ್ಚು. 2021ರಲ್ಲಿ ಡೆಮೋಂಟಿಸ್ ತಂಡ ಇನ್ನೂ ದೊಡ್ಡ ಗುಂಪಿನಲ್ಲಿ ಇದನ್ನೇ ಕಂಡಿತು. ಈ ಮಕ್ಕಳಿಗೇ ಸಂಬಂಧಪಟ್ಟ ಮೂರು ಜಾಗಗಳನ್ನೂ 1, 7 ಮತ್ತು 11ನೇ ಕ್ರೋಮೋಸೋಮ್‌ಗಳಲ್ಲಿ ಗುರುತಿಸಿತು. ಅಂದರೆ ಅತಿ ಹೆಚ್ಚು ಬೈಗುಳ ತಿನ್ನುವ, ‘ಬೇಕೂಂತಲೇ ಮಾಡ್ತಾನೆ’ ಎನ್ನಿಸಿಕೊಳ್ಳುವ ಮಗು ಹಲವು ಸಲ ಹುಟ್ಟಿನಿಂದಲೇ ಹೆಚ್ಚು ಹೊರೆ ಹೊತ್ತು ಬಂದಿರುತ್ತದೆ. ಇದನ್ನು ಪ್ರತಿಯೊಬ್ಬ ಟೀಚರ್ ತಿಳಿದಿರಬೇಕು ಎಂದು ನನಗೆ ತುಂಬ ಅನ್ನಿಸುತ್ತದೆ.

ಜೀನ್ ಮನೆಯೊಳಗೆ ಹೇಗೆ ಕೆಲಸ ಮಾಡುತ್ತದೆ

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಭಾಗ ಇದು. ಜೀನ್ ಒಂದು ಕಡೆ, ಮನೆ ಇನ್ನೊಂದು ಕಡೆ ಎಂದು ನಾವು ಯೋಚಿಸುತ್ತೇವೆ. ನಿಜದಲ್ಲಿ ಅವು ಒಂದರೊಳಗೊಂದು ಹೆಣೆದುಕೊಂಡಿವೆ.

ಮೊದಲಿಗೆ ಒಂದು ಉದಾಹರಣೆ. ಗರ್ಭಿಣಿಯಾಗಿದ್ದಾಗ ಸಿಗರೇಟು ಸೇದಿದ ತಾಯಂದಿರ ಮಕ್ಕಳಲ್ಲಿ ಎಡಿಎಚ್‌ಡಿ ಹೆಚ್ಚು ಎಂದು ಹಳೆಯ ಅಧ್ಯಯನಗಳು ಹೇಳುತ್ತಿದ್ದವು. ಹೊಗೆಯೇ ಕಾರಣ ಎಂದು ಎಲ್ಲರೂ ನಂಬಿದ್ದರು. ಅನಿತಾ ಥಾಪರ್ ಅವರ ತಂಡ ಒಂದು ಜಾಣ ದಾರಿ ಹುಡುಕಿತು. ಐವಿಎಫ್‌ನಿಂದ ಹುಟ್ಟಿದ ಮಕ್ಕಳಲ್ಲಿ ಕೆಲವರು ತಾಯಿಯ ಸ್ವಂತ ಅಂಡದಿಂದ ಹುಟ್ಟಿದವರು, ಕೆಲವರು ಬೇರೆಯವರು ದಾನ ಕೊಟ್ಟ ಅಂಡದಿಂದ. ಹೊತ್ತ ಹೊಟ್ಟೆ ತಾಯಿಯದೇ, ಡಿಎನ್‌ಎ ಮಾತ್ರ ಬೇರೆ. ಸಿಗರೇಟೇ ಎಡಿಎಚ್‌ಡಿಗೆ ಕಾರಣವಾಗಿದ್ದರೆ ಎರಡೂ ಗುಂಪಿನಲ್ಲಿ ಪರಿಣಾಮ ಒಂದೇ ಇರಬೇಕಿತ್ತು. 2009ರಲ್ಲಿ ಬಂದ ಫಲಿತಾಂಶ ಹಾಗಿರಲಿಲ್ಲ. ತಾಯಿ ಮಗುವಿಗೆ ಡಿಎನ್‌ಎ ಸಂಬಂಧ ಇದ್ದ ಕಡೆ ನಂಟು ಬಲವಾಗಿತ್ತು, ಇಲ್ಲದ ಕಡೆ ತೀರಾ ದುರ್ಬಲವಾಗಿತ್ತು. ಹುಟ್ಟುವಾಗ ಮಗುವಿನ ತೂಕ ಮಾತ್ರ ಎರಡೂ ಕಡೆ ಕಡಿಮೆಯಾಗಿತ್ತು. ಹೊಗೆ ಮಗುವಿನ ಬೆಳವಣಿಗೆಗೆ ಕೆಟ್ಟದ್ದು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಎಡಿಎಚ್‌ಡಿಯ ವಿಷಯದಲ್ಲಿ ಬಹುಮಟ್ಟಿಗೆ ನಡೆದದ್ದು ಇಷ್ಟು: ತನ್ನನ್ನು ತಡೆದುಕೊಳ್ಳಲು ಕಷ್ಟಪಡುವ ಸ್ವಭಾವವೇ ತಾಯಿಯಲ್ಲಿ ಸಿಗರೇಟು ಬಿಡಲಾಗದ ರೂಪದಲ್ಲಿ ಕಂಡಿತ್ತು, ಮಗುವಿನಲ್ಲಿ ಎಡಿಎಚ್‌ಡಿ ಆಗಿ ಕಂಡಿತ್ತು.

ಎರಡನೆಯದು ದತ್ತು ಮಕ್ಕಳ ಅಧ್ಯಯನ. ಗೋರ್ಡನ್ ಹೆರಾಲ್ಡ್, ಲೆಸ್ಲಿ ಲೀವ್ ಮತ್ತಿತರರು ಹುಟ್ಟಿದ ಕೂಡಲೇ ಬೇರೆ ಮನೆಗೆ ದತ್ತು ಹೋದ ಅಮೆರಿಕದ ಮಕ್ಕಳನ್ನು ನೋಡಿದರು. ಹೆತ್ತ ತಾಯಿಯಲ್ಲಿ ಎಡಿಎಚ್‌ಡಿ ಲಕ್ಷಣಗಳಿದ್ದರೆ ಆಕೆಯನ್ನು ಕಾಣದೆ ಬೆಳೆದ ಮಗುವೂ ಹೆಚ್ಚು ಚಡಪಡಿಸುತ್ತಿತ್ತು. ಇದು ನಿರೀಕ್ಷಿಸಿದ್ದೇ. ಮುಂದಿನದನ್ನು ಗಮನಿಸಿ. ಆ ಚಡಪಡಿಕೆಯಿಂದ ಸಾಕುತಾಯಿಯ ಸಹನೆ ಕೆಡುತ್ತಿತ್ತು. ರೇಗಾಟ, ಕಟುಮಾತು ಹೆಚ್ಚುತ್ತಿತ್ತು. ಆ ರೇಗಾಟ ಹೆಚ್ಚಾದ ಮನೆಗಳಲ್ಲಿ ಮಗುವಿನ ಲಕ್ಷಣಗಳು ಆರನೇ ವಯಸ್ಸಿಗೆ ಇನ್ನಷ್ಟು ಜೋರಾಗಿದ್ದವು. ಸಾಕುತಾಯಿಗೂ ಮಗುವಿಗೂ ಡಿಎನ್‌ಎ ಸಂಬಂಧವೇ ಇಲ್ಲದಿರುವುದರಿಂದ ಆ ರೇಗಾಟವನ್ನು ವಂಶದ ಗುಣ ಎಂದು ತಳ್ಳಿಹಾಕಲು ಬರುವುದಿಲ್ಲ.

ಇಲ್ಲಿ ಸುತ್ತು ಪೂರ್ತಿಯಾಗುತ್ತದೆ. ಮಗು ಹುಟ್ಟಿನಿಂದ ತಂದ ಚಡಪಡಿಕೆ ದೊಡ್ಡವರನ್ನು ರೇಗಿಸುತ್ತದೆ. ದೊಡ್ಡವರ ರೇಗಾಟ ಮಗುವನ್ನು ಇನ್ನಷ್ಟು ಕೆರಳಿಸುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನಿಗೋ ಅಮ್ಮನಿಗೋ ಯಾರೂ ಗುರುತಿಸದ ಎಡಿಎಚ್‌ಡಿ ಇರುತ್ತದೆ. ಅವರು ಚಿಕ್ಕವರಿದ್ದಾಗ ಅದಕ್ಕೆ ಹೆಸರೇ ಇರಲಿಲ್ಲ, ಬೆತ್ತ ಮಾತ್ರ ಇತ್ತು. ಅಂಥವರಿಗೆ ತಾಳ್ಮೆ ಕಷ್ಟ, ದಿನದ ಕ್ರಮ ಕಷ್ಟ. ಎಡಿಎಚ್‌ಡಿ ಮಗುವಿಗೆ ಅತಿ ಹೆಚ್ಚು ಬೇಕಾದದ್ದೂ ಇವೆರಡೇ.

ಹೊಡೆತದ ವಿಷಯದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 1,116 ಜೋಡಿ ಅವಳಿಗಳ ಮೇಲೆ ಸಾರಾ ಜಾಫಿ ಮತ್ತಿತರರು 2004ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಖಚಿತವಾದ ಗೆರೆ ಎಳೆಯಿತು. ಬೆನ್ನಿಗೆ ಒಂದು ಏಟು ಕೊಡುವಂಥ ಶಿಕ್ಷೆಗೆ ಮಗುವಿನ ಹುಟ್ಟು ಸ್ವಭಾವವೂ ಸ್ವಲ್ಪ ಮಟ್ಟಿಗೆ ಕಾರಣವಾಗುತ್ತಿತ್ತು. ಗಾಯವಾಗುವಂಥ ಹಿಂಸೆಗೆ ಹಾಗಲ್ಲ. ಅದರ ಕಾರಣಗಳು ದೊಡ್ಡವರಲ್ಲಿ, ಆ ಮನೆಯ ಪರಿಸ್ಥಿತಿಯಲ್ಲಿ ಇದ್ದವು. ‘ಅವನೇ ಹೊಡೆಯೋ ಹಾಗೆ ಮಾಡ್ತಾನೆ’ ಎಂಬ ಸಮರ್ಥನೆಗೆ ಈ ಅಧ್ಯಯನದಲ್ಲಿ ಜಾಗವಿಲ್ಲ. ಶಾಲೆಯಲ್ಲಂತೂ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಡಿಎನ್‌ಎ ಟೆಸ್ಟ್ ಮಾಡಿಸಬೇಕೇ?

ಬೇಡ. ಎಡಿಎಚ್‌ಡಿ ಇದೆಯೋ ಇಲ್ಲವೋ, ಮಗು ಮುಂದೆ ಪುಂಡನಾಗುತ್ತದೋ ಇಲ್ಲವೋ ಎಂದು ಹೇಳುವ ಯಾವ ಡಿಎನ್‌ಎ ಪರೀಕ್ಷೆಯೂ ಇಂದು ಇಲ್ಲ. ಎಂಜಲು ಕಳಿಸಿದರೆ ವರದಿ ಕೊಡುತ್ತೇವೆ ಎಂಬ ಜಾಹೀರಾತುಗಳಿಗೆ ಹಣ ಹಾಕಬೇಡಿ. ಮಗುವಿಗೆ ಬುದ್ಧಿ ಬೆಳವಣಿಗೆಯ ತೊಂದರೆ, ಆಟಿಸಂ, ಫಿಟ್ಸ್ ಅಥವಾ ಹುಟ್ಟಿನಿಂದ ಬೇರೆ ದೈಹಿಕ ವ್ಯತ್ಯಾಸಗಳು ಜೊತೆಗಿದ್ದರೆ ವೈದ್ಯರೇ ಕೆಲವು ಪರೀಕ್ಷೆ ಹೇಳಬಹುದು. ಅದು ಬೇರೆ ವಿಷಯ.

ನಮಗೆ ಇನ್ನೂ ಒಂದು ಕಾರಣವಿದೆ. ಮೇಲೆ ಹೇಳಿದ ದೊಡ್ಡ ಡಿಎನ್‌ಎ ಅಧ್ಯಯನಗಳು ಹೆಚ್ಚುಕಮ್ಮಿ ಪೂರ್ತಿಯಾಗಿ ಯುರೋಪ್ ಮೂಲದವರ ಮೇಲೆ ನಡೆದವು. ಸಣ್ಣ ಸಣ್ಣ ವ್ಯತ್ಯಾಸಗಳನ್ನು ಕೂಡಿ ಅಲ್ಲಿ ಲೆಕ್ಕ ಹಾಕಿದ ಅಪಾಯದ ಅಂಕ ಮಂಡ್ಯದ ಅಥವಾ ಕಲಬುರಗಿಯ ಮಗುವಿಗೆ ಸರಿಹೊಂದುವುದಿಲ್ಲ. ಈ ಕೊರತೆ ತುಂಬುವ ಕೆಲಸದಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಪಾತ್ರವಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ, ಬ್ರಿಟನ್ನಿನ ಸಂಶೋಧಕರ ಜೊತೆ ಸೇರಿ, ಸಿ-ವೇದ ಎಂಬ ಅಧ್ಯಯನ ಶುರುವಾಯಿತು. ಅದು ಆರರಿಂದ ಇಪ್ಪತ್ತಮೂರು ವರ್ಷದೊಳಗಿನ ಸುಮಾರು 9,000 ಮಂದಿಯನ್ನು ಸೇರಿಸಿಕೊಂಡಿತು. ಬೆಂಗಳೂರು, ಮೈಸೂರು, ಚಂಡೀಗಢ, ಕೋಲ್ಕತ್ತ, ಇಂಫಾಲ ಹೀಗೆ ಬೇರೆಬೇರೆ ಕಡೆಯವರು ಅದರಲ್ಲಿದ್ದಾರೆ. ಅದು ನೋಡುವುದು ಇದೇ ವಿಷಯವನ್ನು: ತಡೆದುಕೊಳ್ಳಲಾಗದ ನಡವಳಿಕೆ, ಆಕ್ರಮಣಶೀಲತೆ, ಮುಂದೆ ಬರುವ ಚಟ, ಇವುಗಳ ಹಿಂದೆ ಮಿದುಳು, ಜೀನ್ ಮತ್ತು ಬೆಳೆದ ಪರಿಸ್ಥಿತಿ ಹೇಗೆ ಸೇರುತ್ತವೆ ಎಂದು. ಭಾರತೀಯರ 10,000 ಜೀನೋಮ್‌ಗಳನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯ ಕೆಲಸಕ್ಕೂ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರವೇ ಮುಂದಾಳು.

ಮಾಡಬಹುದಾದದ್ದು

ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಜೀನ್ ಕಡೆಯಿಂದ ಆಗುವುದಿಲ್ಲ. ದೊಡ್ಡವರ ಪ್ರತಿಕ್ರಿಯೆಯ ಕಡೆಯಿಂದ ಆಗುತ್ತದೆ. ಆದ್ದರಿಂದಲೇ ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ತಂದೆ ತಾಯಿಗೆ ಕೊಡುವ ತರಬೇತಿ. ಕೆಟ್ಟ ತಂದೆ ತಾಯಿ ಎಂಬ ಕಾರಣಕ್ಕೆ ಇದನ್ನು ಕೊಡುವುದಿಲ್ಲ. ಈ ಮಗುವನ್ನು ಬೆಳೆಸಲು ಬೇರೆಯವರಿಗಿಂತ ಹೆಚ್ಚು ಕೌಶಲ ಬೇಕು, ಅದಕ್ಕೆ. ಒಂದು ಸಲಕ್ಕೆ ಒಂದೇ ಚಿಕ್ಕ ಮಾತು ಹೇಳುವುದು, ಸರಿ ಮಾಡಿದ ಕೂಡಲೇ ಹೊಗಳುವುದು, ಸಣ್ಣಪುಟ್ಟದ್ದನ್ನು ನೋಡಿಯೂ ನೋಡದ ಹಾಗಿರುವುದು, ಹೊಡೆದಾಗ ಕೂಗಾಡದೆ ಮೊದಲೇ ಹೇಳಿದ್ದ ಪರಿಣಾಮವನ್ನು ಅಷ್ಟಕ್ಕಷ್ಟೇ ಜಾರಿ ಮಾಡುವುದು. ಕೇಳಲು ಸುಲಭ. ದಿನಕ್ಕೆ ಐವತ್ತು ಸಲ ಮಾಡುವುದು ನಿಜಕ್ಕೂ ಕಷ್ಟ. ಅಜ್ಜಿ, ತಾತ, ಅಪ್ಪ, ಅಮ್ಮ ಎಲ್ಲರೂ ಒಂದೇ ರೀತಿ ನಡೆದುಕೊಂಡರೆ ಮಾತ್ರ ಫಲ ಕಾಣುತ್ತದೆ.

ದೊಡ್ಡ ಮಕ್ಕಳಲ್ಲಿ ಔಷಧಿಗೆ ಹೆದರುವುದು ಬೇಡ. ಸ್ವೀಡನ್ನಿನಲ್ಲಿ ಎಡಿಎಚ್‌ಡಿ ಇದ್ದ 25,000ಕ್ಕೂ ಹೆಚ್ಚು ಹದಿಹರೆಯದವರನ್ನೂ ದೊಡ್ಡವರನ್ನೂ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಬಂತು. ಅದೇ ವ್ಯಕ್ತಿ ಔಷಧಿ ತೆಗೆದುಕೊಳ್ಳುತ್ತಿದ್ದ ತಿಂಗಳುಗಳನ್ನೂ ಬಿಟ್ಟ ತಿಂಗಳುಗಳನ್ನೂ ಹೋಲಿಸಿದರು. ತೆಗೆದುಕೊಳ್ಳುತ್ತಿದ್ದಾಗ ಅಪರಾಧಗಳ ಪ್ರಮಾಣ ಗಂಡಸರಲ್ಲಿ ಶೇಕಡಾ 32, ಹೆಂಗಸರಲ್ಲಿ ಶೇಕಡಾ 41 ಕಡಿಮೆ ಇತ್ತು. ಜೀನ್ ಅದೇ, ಮನುಷ್ಯ ಅದೇ.

ವಯಸ್ಸೂ ಒಂದಿಷ್ಟು ಸಹಾಯ ಮಾಡುತ್ತದೆ. 2007ರಲ್ಲಿ ಫಿಲಿಪ್ ಶಾ ಮತ್ತಿತರರು ಎಂಆರ್‌ಐ ಮೂಲಕ ಮಕ್ಕಳ ಮಿದುಳಿನ ಹೊರಪದರ ಬೆಳೆಯುವುದನ್ನು ನೋಡಿದರು. ಬೇರೆ ಮಕ್ಕಳಲ್ಲಿ ಅದರ ದಪ್ಪ ಸುಮಾರು ಏಳೂವರೆ ವರ್ಷಕ್ಕೆ ಗರಿಷ್ಠ ಮಟ್ಟ ಮುಟ್ಟಿದರೆ, ಎಡಿಎಚ್‌ಡಿ ಮಕ್ಕಳಲ್ಲಿ ಹತ್ತೂವರೆಗೆ ಮುಟ್ಟಿತು. ಬೆಳವಣಿಗೆಯ ದಾರಿ ಅದೇ, ಮೂರು ವರ್ಷ ತಡ. ಮೈಯನ್ನು ಓಡಾಡಿಸುವ ಭಾಗ ಮಾತ್ರ ಸ್ವಲ್ಪ ಬೇಗನೇ ಬಲಿತಿತ್ತು. ಎಂಟು ವರ್ಷದ ಮಗುವಿನಿಂದ ಎಂಟು ವರ್ಷದ ತಾಳ್ಮೆಯನ್ನೇ ನಿರೀಕ್ಷಿಸಿದಾಗ ಜಗಳ ಯಾಕೆ ಆಗುತ್ತದೆ ಎಂದು ಇದರಿಂದ ಅರ್ಥವಾಗುತ್ತದೆ.

ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯಕೀಯ ವಿಭಾಗವಿದೆ. ಮೊದಲ ಸಲ ಹೋಗುವಾಗ ಮಗುವಿನ ನೋಟ್‌ಬುಕ್, ಶಾಲೆಯ ವರದಿ ತೆಗೆದುಕೊಂಡು ಹೋಗಿ. ಎರಡೂ ಕಡೆಯ ಬಂಧುಗಳಲ್ಲಿ ಚಿಕ್ಕಂದಿನಲ್ಲಿ ಹೀಗೇ ಇದ್ದವರು, ಖಿನ್ನತೆ, ಚಟ, ಫಿಟ್ಸ್ ಇರುವವರು ಯಾರಾದರೂ ಇದ್ದರೆ ಮುಚ್ಚಿಡದೆ ಹೇಳಿ. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದರೆ, ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ಮರೆಯದೆ ತಿಳಿಸಿ. ಔಷಧಿ ಆರಿಸುವ ಮೊದಲು ವೈದ್ಯರಿಗೆ ಅದು ಗೊತ್ತಿರಲೇಬೇಕು.